ಮಕ್ಕಳಿಗೆ ವೈರಲ್ ಜ್ವರದ ಜೊತೆ ಪಿತ್ತಕೋಶ ಊದಿಕೊಂಡರೆ ಆಪರೇಷನ್ ಬೇಕೇ ಬೇಕಾ?

ಬದಿಯಡ್ಕದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಎಂಟು ವರ್ಷ. ಕಳೆದ ವಾರ ಜ್ವರ, ವಾಂತಿ ಶುರುವಾಯಿತು. ಗಂಜಿ ಕೊಟ್ಟರೂ ಬೇಡ ಎನ್ನುತ್ತಾಳೆ. ಆಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಎಂದು ಅಳಲು ಶುರು ಮಾಡಿದಳು. ಮಕ್ಕಳ ಡಾಕ್ಟರು ಅಡ್ಮಿಟ್ ಮಾಡಿ ಡ್ರಿಪ್ ಹಾಕಿದ್ದಾರೆ. ಇವತ್ತು ಹೊಟ್ಟೆಯ ಸ್ಕ್ಯಾನ್ ಆಯಿತು. ಪಿತ್ತಕೋಶದ ಗೋಡೆ 7 ಮಿ.ಮೀ. ದಪ್ಪ ಆಗಿದೆ, ಸುತ್ತ ಸ್ವಲ್ಪ ನೀರು ಉಂಟು, ಕಲ್ಲು ಇಲ್ಲ, ಲಿವರ್ ದೊಡ್ಡದಾಗಿದೆ ಎಂದು ಬರೆದಿದ್ದಾರೆ. ಕೊನೆಯಲ್ಲಿ ಅಕಾಲ್ಕ್ಯುಲಸ್ ಕೊಲಿಸಿಸ್ಟೈಟಿಸ್ ಎಂಬ ಹೆಸರು, ಕಲ್ಲಿಲ್ಲದೆ ಪಿತ್ತಕೋಶ ಊದುವುದು ಎಂದು ಅರ್ಥವಂತೆ.

ನಮ್ಮ ಡಾಕ್ಟರು ರಕ್ತದ ರಿಪೋರ್ಟ್ ಬರಲಿ, ನೋಡೋಣ ಎನ್ನುತ್ತಾರೆ. ಮನೆಯವರು ಮಾತ್ರ ಈಗಲೇ ಮಂಗಳೂರಿಗೆ ಕರೆದುಕೊಂಡು ಹೋಗಿ ಪಿತ್ತಕೋಶ ತೆಗೆಸಿ ಎಂದು ಒಂದೇ ಹಠ. ನಮ್ಮ ಮಾವನಿಗೆ ಪಿತ್ತದ ಕಲ್ಲಿಗೆ ಆಪರೇಷನ್ ಆಗಿತ್ತು, ಆ ನೆನಪು ಎಲ್ಲರಿಗೂ ಉಂಟು. ಸಣ್ಣ ಮಕ್ಕಳಿಗೆ ಹೀಗಾಗಿದ್ದನ್ನು ಯಾರಾದರೂ ನೋಡಿದ್ದೀರಾ?

ಪೈವಳಿಕೆ ಭಟ್ರು
ಅಕ್ಕ, ಗಾಬರಿ ಆಗಬೇಡಿ. ನಮ್ಮ ತಮ್ಮನ ಮಗನಿಗೆ ಇದೇ ಆಗಿತ್ತು. ಅರಸಿನ ಮುಂಡಿಗೆ, ಅಂದರೆ ಕಾಮಾಲೆ ಬಂದಾಗ ಸ್ಕ್ಯಾನಿನಲ್ಲಿ ಪಿತ್ತಕೋಶ ಊದಿದೆ ಎಂದು ಬಂತು. ಆಪರೇಷನ್ ಮಾಡಲಿಲ್ಲ. ಈಗ ಶಾಲೆಯ ಕಬಡ್ಡಿ ತಂಡದಲ್ಲಿದ್ದಾನೆ. ಡಾಕ್ಟರು ಯಾರಾದರೂ ಇದ್ದರೆ ಸರಿಯಾಗಿ ವಿವರಿಸಲಿ.

ಮಕ್ಕಳ ವೈದ್ಯೆ, ಕುಂಬಳೆ
ಅಮ್ಮಾ, ಮಗುವನ್ನು ನೋಡದೆ ಚಿಕಿತ್ಸೆ ಹೇಳುವ ಹಾಗಿಲ್ಲ. ಆದರೆ ಈ ರಿಪೋರ್ಟಿನ ಅರ್ಥ ಏನು ಎಂದು ಹೇಳುತ್ತೇನೆ. ನಿಮ್ಮ ಡಾಕ್ಟರು ಹೇಳಿದ "ನೋಡೋಣ" ಎಂಬ ಮಾತು ಸರಿಯಾದ ದಾರಿಯಲ್ಲೇ ಇದೆ.

ಪಿತ್ತರಸ ತಯಾರಾಗುವುದು ಲಿವರಿನಲ್ಲಿ. ಪಿತ್ತಕೋಶ ಅದನ್ನು ಕೂಡಿಟ್ಟುಕೊಂಡು, ನಾವು ಎಣ್ಣೆ ಜಿಡ್ಡು ತಿಂದಾಗ ಹಿಂಡಿ ಕರುಳಿಗೆ ಬಿಡುತ್ತದೆ. ದೊಡ್ಡವರಲ್ಲಿ ಪಿತ್ತಕೋಶ ಊದಿಕೊಂಡರೆ ಹೆಚ್ಚಿನ ಸಲ ಕಾರಣ ಕಲ್ಲು. ಕಲ್ಲು ದಾರಿಗೆ ಅಡ್ಡ ಕೂತಿರುತ್ತದೆ, ಹಾಗಾಗಿ ಆಪರೇಷನ್. ಮಕ್ಕಳ ಕಥೆ ಬೇರೆ. ಅವರಲ್ಲಿ ಕಲ್ಲೇ ಇಲ್ಲದೆ ಊದಿಕೊಳ್ಳುವುದು ಸಾಕಷ್ಟು ಸಲ ಕಾಣುತ್ತದೆ, ಅದರ ಹಿಂದೆ ಹೆಚ್ಚಾಗಿ ಯಾವುದಾದರೂ ಸೋಂಕು ಇರುತ್ತದೆ. ವೈರಸ್‌ಗಳಲ್ಲಿ ಹೆಪಟೈಟಿಸ್ ಎ, ಡೆಂಗ್ಯೂ, ಎಪ್‌ಸ್ಟೀನ್ ಬಾರ್ ವೈರಸ್ ಮುಖ್ಯವಾದವು. ಟೈಫಾಯ್ಡ್, ಇಲಿ ಜ್ವರದಲ್ಲೂ ಆಗುತ್ತದೆ, ಅವು ಬ್ಯಾಕ್ಟೀರಿಯಾದಿಂದ ಬರುವಂಥವು.

ಯಾಕೆ ಊದುತ್ತದೆ? ಕಾರಣ ಒಂದೇ ಅಲ್ಲ. ಪಿತ್ತಕೋಶ ಲಿವರಿಗೆ ಅಂಟಿಕೊಂಡೇ ಇದೆ. ಲಿವರ್ ಊದಿದಾಗ ಇದಕ್ಕೂ ತಟ್ಟುತ್ತದೆ. ಹೆಪಟೈಟಿಸ್ ಎ ವೈರಸ್ಸಿನ ಗುರುತು ಪಿತ್ತಕೋಶದ ಒಳಪದರದಲ್ಲೇ ಸಿಕ್ಕ ವರದಿಗಳೂ ಇವೆ. ಮಗು ದಿನಗಟ್ಟಲೆ ಊಟ ಬಿಟ್ಟರೆ ಪಿತ್ತರಸ ಹೊರಗೆ ಹೋಗದೆ ಒಳಗೇ ನಿಂತು ಗಟ್ಟಿಯಾಗುತ್ತದೆ. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾದರೆ ನೀರು ಗೋಡೆಯೊಳಗೆ ಜಿನುಗುತ್ತದೆ. ನೀರು ಹೀರಿದ ಕಂಬಳಿ ದಪ್ಪ ಆದ ಹಾಗೆ ಗೋಡೆ ದಪ್ಪ ಕಾಣುತ್ತದೆ. ಕೀವು ತುಂಬಿ ಊದುವುದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ.

ಸಾಮಾನ್ಯವಾಗಿ ಗೋಡೆ 3 ಮಿ.ಮೀ. ಒಳಗೆ ಇರಬೇಕು. 7 ಎಂದರೆ ಊತ ಇದೆ, ಅನುಮಾನ ಇಲ್ಲ. ಆದರೆ ಆ ಅಂಕಿ ಒಂದನ್ನೇ ನೋಡಿ ಮಗುವನ್ನು ಆಪರೇಷನ್ ಟೇಬಲ್ಲಿಗೆ ಒಯ್ಯುವುದಿಲ್ಲ. ಮೊದಲು ಯಾವ ಸೋಂಕು ಎಂದು ಗೊತ್ತಾಗಬೇಕು. ಆಮೇಲೆ ಮಗು ಹೇಗಿದೆ ಎಂದು ಗಂಟೆ ಗಂಟೆಗೂ ನೋಡಬೇಕು. ವೈರಸ್ಸಿನಿಂದ ಬಂದದ್ದಾದರೆ ಹೆಚ್ಚಿನ ಮಕ್ಕಳಲ್ಲಿ ಜ್ವರದ ಜೊತೆಗೇ ಊತವೂ ಇಳಿಯುತ್ತದೆ.

ಉಪ್ಪಳದ ಅಣ್ಣ
ಡಾಕ್ಟ್ರೇ, ಒಂದು ಪ್ರಶ್ನೆ. ಹೊಟ್ಟೆ ತುಂಬಾ ತಿಂದು ಸ್ಕ್ಯಾನಿಗೆ ಹೋದರೆ ತಪ್ಪು ಬರುತ್ತದೆ ಎಂದು ಕೇಳಿದ್ದೇನೆ. ಹೌದಾ?

ಮಕ್ಕಳ ವೈದ್ಯೆ, ಕುಂಬಳೆ
ಹೌದು. ತಿಂದ ಮೇಲೆ ಪಿತ್ತಕೋಶ ಕುಗ್ಗಿರುತ್ತದೆ, ಆಗ ಸರಿಯಾಗಿದ್ದ ಗೋಡೆಯೂ ದಪ್ಪ ಕಾಣುತ್ತದೆ. ಅದಕ್ಕೆ ಮಕ್ಕಳಿಗೆ ನಾಲ್ಕರಿಂದ ಆರು ಗಂಟೆ ಖಾಲಿ ಹೊಟ್ಟೆ ಇರಲಿ ಎನ್ನುತ್ತಾರೆ. ತುರ್ತು ಇದ್ದರೆ ಅಷ್ಟು ಕಾಯುವುದಿಲ್ಲ. ಬದಿಯಡ್ಕದ ಮಗುವಿನ ವಿಷಯದಲ್ಲಿ ಸುತ್ತ ನೀರೂ ಕಂಡಿದೆ, ಬಲಗಡೆ ನೋವೂ ಇದೆ. ಹಾಗಾಗಿ ಊತ ನಿಜವೇ.

ಡಾಕ್ಟರು ಬಲ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರು ಎಳೆದುಕೋ ಎನ್ನುವುದನ್ನು ನೀವು ನೋಡಿರಬಹುದು. ನೋವಿಗೆ ಮಗು ಅರ್ಧದಲ್ಲೇ ಉಸಿರು ನಿಲ್ಲಿಸಿದರೆ ಅದು ಮರ್ಫಿ ಲಕ್ಷಣ. ಷಿಕಾಗೋದ ಸರ್ಜನ್ ಜಾನ್ ಮರ್ಫಿ ಅವರ ಹೆಸರು ಅದಕ್ಕೆ. ಸಣ್ಣ ಮಕ್ಕಳಲ್ಲಿ ಇದು ಅಷ್ಟು ಸ್ಪಷ್ಟವಾಗಿ ಸಿಗುವುದಿಲ್ಲ. ಮುಟ್ಟುವ ಮೊದಲೇ ಅಳುತ್ತಾರೆ ಅಲ್ವಾ.

ನೀರ್ಚಾಲಿನ ತೋಟದವರು
ನಮ್ಮ ಕಡೆ ಈಗ ಡೆಂಗ್ಯೂ ಜಾಸ್ತಿ. ನಮ್ಮ ಪಕ್ಕದ ಮನೆಯ ಹುಡುಗನಿಗೂ ಸ್ಕ್ಯಾನಿನಲ್ಲಿ ಪಿತ್ತಕೋಶದ ಊತ ಬಂದಿತ್ತು, ಡೆಂಗ್ಯೂವಿನಲ್ಲಿ. ಅವನ ಪ್ಲೇಟ್‌ಲೆಟ್ ತುಂಬಾ ಇಳಿದಿತ್ತು. ಎರಡೂ ಒಂದೇ ಥರದ ಊತವಾ?

ಪೆರ್ಲದ ನರ್ಸ್
ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ನೋಡಿದ್ದನ್ನು ಹೇಳುತ್ತೇನೆ, ಡಾಕ್ಟ್ರು ತಿದ್ದಲಿ.

ಡೆಂಗ್ಯೂವಿನಲ್ಲಿ ರಕ್ತನಾಳಗಳಿಂದ ನೀರಿನ ಅಂಶ ಸೋರುತ್ತದೆ. ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ, ಪಿತ್ತಕೋಶದ ಗೋಡೆಯೊಳಗೆ ಸೇರುತ್ತದೆ. ಹಾಗಾಗಿ ಡೆಂಗ್ಯೂ ಮಗುವಿನ ಸ್ಕ್ಯಾನಿನಲ್ಲಿ ಪಿತ್ತಕೋಶ ದಪ್ಪ ಎಂದು ಬಂದರೆ ನಾವು ಎಚ್ಚರ ಆಗುತ್ತೇವೆ, ಸೋರಿಕೆ ಶುರುವಾಗಿದೆ ಎಂದು. ಆಗ ನೋಡಬೇಕಾದದ್ದು ಪ್ಲೇಟ್‌ಲೆಟ್ ಒಂದನ್ನೇ ಅಲ್ಲ. ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯಾ, ಮೂತ್ರ ಸರಿಯಾಗಿ ಹೋಗುತ್ತಿದೆಯಾ, ಕೈಕಾಲು ತಣ್ಣಗಾಗಿದೆಯಾ, ಇದೆಲ್ಲ ಬೇಕು.

ತಾಯಂದಿರಿಗೆ ನಾನು ಯಾವಾಗಲೂ ಹೇಳುವುದು ಒಂದು ಮಾತು. ಡೆಂಗ್ಯೂವಿನಲ್ಲಿ ಜ್ವರ ಬಿಟ್ಟ ದಿನ ಮನೆಗೆ ಹೋಗಲು ಅವಸರ ಮಾಡಬೇಡಿ. ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆಯೇ ಅಪಾಯದ್ದು. ಆಗಲೇ ಹೊಟ್ಟೆನೋವು ಜೋರಾಗುವುದು, ವಾಂತಿ ನಿಲ್ಲದಿರುವುದು, ಮಗು ಮಂಕಾಗುವುದು, ಒಸಡಿನಲ್ಲಿ ರಕ್ತ ಬರುವುದು. ಇವುಗಳಲ್ಲಿ ಒಂದು ಕಂಡರೂ ತಡ ಮಾಡಬಾರದು.

ಮಕ್ಕಳ ವೈದ್ಯೆ, ಕುಂಬಳೆ
ಸಿಸ್ಟರ್ ಹೇಳಿದ್ದು ಪೂರ್ತಿ ಸರಿ. ಒಂದು ಸೇರಿಸುತ್ತೇನೆ. ಡೆಂಗ್ಯೂ ಮಗುವಿಗೆ ಪಿತ್ತಕೋಶ ಊದಿದೆ ಎಂದು ಚಾಕು ಹಾಕಲು ಹೋದರೆ ರಕ್ತಸ್ರಾವದ ಅಪಾಯ ದೊಡ್ಡದು. ಅದಕ್ಕೇ ಸ್ಕ್ಯಾನ್ ಮಾಡುವ ಡಾಕ್ಟರಿಗೆ ಜ್ವರದ ವಿಷಯ ಮೊದಲೇ ಹೇಳಬೇಕು. ಎಷ್ಟನೇ ದಿನದ ಜ್ವರ, ಮನೆಯ ಸುತ್ತ ಯಾರಿಗೆ ಏನು ಬಂದಿದೆ, ಎಲ್ಲವನ್ನೂ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಮಗುವಿನ ತೂಕಕ್ಕೆ ಡಾಕ್ಟರು ಹೇಳಿದ ಅಳತೆಯಲ್ಲಿ. ಬ್ರೂಫಿನ್ ಥರದ ಗುಳಿಗೆ, ಸಿರಪ್ ಬೇಡ.

ಮುಳ್ಳೇರಿಯದ ಮಾಷ್ಟ್ರು
ತೋಟದವರಿಗೆ ಒಂದು ಮಾತು. ಡೆಂಗ್ಯೂ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಲ್ಲ, ಶುದ್ಧ ನೀರಿನಲ್ಲಿ. ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಮಳೆನೀರು, ತೆಂಗಿನ ಗೆರಟೆ, ಟ್ಯಾಪಿಂಗ್ ಇಲ್ಲದಾಗ ರಬ್ಬರ್ ಮರದಲ್ಲಿ ಕವುಚದೆ ಬಿಟ್ಟ ಚಿಪ್ಪು, ಇವೆಲ್ಲ ನಮ್ಮ ತೋಟದಲ್ಲೇ ಇರುವಂಥವು. ವಾರಕ್ಕೊಮ್ಮೆ ಕವುಚಿ ಹಾಕಿದರೆ ಸಾಕು. ಮೊಟ್ಟೆಯಿಂದ ಸೊಳ್ಳೆ ಆಗಲು ಸುಮಾರು ಒಂದು ವಾರ ಬೇಕು.

ಬದಿಯಡ್ಕದ ಅಮ್ಮ
ಎಲ್ಲರಿಗೂ ತುಂಬಾ ಉಪಕಾರ. ರಕ್ತದ ರಿಪೋರ್ಟ್ ಬಂತು. ಹೆಪಟೈಟಿಸ್ ಎ ಐಜಿಎಂ ಪಾಸಿಟಿವ್. ಡೆಂಗ್ಯೂ ಇಲ್ಲ. ಬಿಲಿರುಬಿನ್ 6.2, ಎಸ್‌ಜಿಪಿಟಿ ಸಾವಿರ ದಾಟಿದೆ. ಐಎನ್‌ಆರ್ 1.2. ಪ್ಲೇಟ್‌ಲೆಟ್ ಸರಿ ಉಂಟು. ಇವತ್ತು ಕಣ್ಣು ಹಳದಿ ಆಗಿದೆ. ಜ್ವರ ಕಡಿಮೆ. ಸರ್ಜನ್ ಕೂಡ ಬಂದು ನೋಡಿದರು, ಹೊಟ್ಟೆ ಮೃದುವಾಗಿದೆ, ಆಪರೇಷನ್ ಬೇಡ ಎಂದರು. ಆದರೂ ಎಸ್‌ಜಿಪಿಟಿ ಅಷ್ಟು ಏರಿದ್ದು ನೋಡಿ ನಿದ್ದೆ ಬರುತ್ತಿಲ್ಲ.

ಮಕ್ಕಳ ವೈದ್ಯೆ, ಕುಂಬಳೆ
ಎಸ್‌ಜಿಪಿಟಿ ಎಂದರೆ ಲಿವರಿನ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಕಿಣ್ವ. ಹೆಪಟೈಟಿಸ್ ಎ ಇದ್ದಾಗ ಅದು ಸಾವಿರಗಟ್ಟಲೆ ಏರುವುದು ಮಾಮೂಲಿ. ಲಿವರ್ ಕೆಲಸ ಮಾಡುತ್ತಿದೆಯಾ ಎಂದು ಹೇಳುವುದು ನಿಮ್ಮ ಆ ಐಎನ್‌ಆರ್. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಲಿವರ್ ಮಾಡುತ್ತದೆ. ಅದು ಸೋತರೆ ಐಎನ್‌ಆರ್ ಏರುತ್ತದೆ. 1.2 ಎಂದರೆ ಈಗ ಸಮಾಧಾನ ಪಡಬಹುದು. ಅದನ್ನು ಮತ್ತೆ ಮಾಡಿಸುತ್ತಾರೆ, ಮಾಡಿಸಬೇಕು.

ನೀವು ಮಗಳ ಹತ್ತಿರವೇ ಇದ್ದೀರಿ. ಹಾಗಾಗಿ ನೀವೇ ಮೊದಲು ಗಮನಿಸಬಹುದಾದದ್ದು: ಹಗಲಿಡೀ ನಿದ್ದೆ ಮಾಡಿ ರಾತ್ರಿ ಎದ್ದು ಕೂರುವುದು, ಮಾತು ಅಸ್ತವ್ಯಸ್ತ ಆಗುವುದು, ವಿನಾಕಾರಣ ಸಿಟ್ಟು, ಮೂಗಿನಲ್ಲಿ ರಕ್ತ, ಚರ್ಮದ ಮೇಲೆ ಏಟು ಬಿದ್ದಂಥ ಕಲೆ. ಇದು ಲಿವರಿನ ಅಪಾಯ. ಪಿತ್ತಕೋಶದ ಅಪಾಯ ಬೇರೆ ಥರ ಕಾಣುತ್ತದೆ. ಇಳಿದ ಜ್ವರ ಮತ್ತೆ ನಡುಕದೊಂದಿಗೆ ಏರುವುದು, ನೋವು ಹೊಟ್ಟೆಯಿಡೀ ಹರಡುವುದು, ಹೊಟ್ಟೆ ಹಲಗೆಯಂತೆ ಬಿಗಿಯಾಗುವುದು. ಗೋಡೆ ಕೊಳೆತರೆ ಅಥವಾ ತೂತಾದರೆ ಹೀಗಾಗುತ್ತದೆ. ಅಪರೂಪ, ಆದರೆ ಆಗ ಆಪರೇಷನ್ ಬೇಕೇ ಬೇಕು, ತಡ ಮಾಡುವ ಹಾಗಿಲ್ಲ.

ಆದೂರಿನ ಅಜ್ಜಿಯ ಮೊಮ್ಮಗ
ನಮ್ಮಲ್ಲಿ ಅರಸಿನ ಮುಂಡಿಗೆಗೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕೊಡುತ್ತಾರೆ. ಅಜ್ಜಿಯ ಕೈಯಿಂದ ಎಷ್ಟೋ ಜನ ಗುಣ ಆಗಿದ್ದಾರೆ. ಉಪ್ಪು, ಎಣ್ಣೆ ಮುಟ್ಟಿಸಬಾರದು ಎಂದು ಪಥ್ಯವೂ ಉಂಟು. ಆಸ್ಪತ್ರೆಯ ಮದ್ದಿನ ಜೊತೆ ಇದನ್ನೂ ಕೊಡಬಹುದಾ?

ಮಕ್ಕಳ ವೈದ್ಯೆ, ಕುಂಬಳೆ
ನಿಮ್ಮ ಅಜ್ಜಿ ಊರಿನವರಿಗೆ ಆಸರೆಯಾಗಿದ್ದವರು, ಆ ಗೌರವ ನನಗೂ ಇದೆ. ಆದರೆ ಈ ಮಗುವಿಗೆ ಈಗ ಕೊಡಬೇಡಿ ಎಂದೇ ಹೇಳುತ್ತೇನೆ. ಹೆಪಟೈಟಿಸ್ ಎ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಗುಣವಾಗುವ ಕಾಯಿಲೆ. ಹಾಗಾಗಿ ಆ ಹೊತ್ತಿನಲ್ಲಿ ಕೊಟ್ಟ ಯಾವ ಮದ್ದಿಗೂ ಒಳ್ಳೆಯ ಹೆಸರು ಬರುತ್ತದೆ. ಲಿವರ್ ಊದಿರುವಾಗ ಅಳತೆ ಗೊತ್ತಿಲ್ಲದ ರಸ, ಜೊತೆಗೆ ಬೆರೆತ ಬೇರೆ ಸೊಪ್ಪು, ಇದರಿಂದ ಮಗು ಕೆಟ್ಟರೆ ಕಾಯಿಲೆಯಿಂದಲೋ ಮದ್ದಿನಿಂದಲೋ ಎಂದು ನಮಗೂ ತಿಳಿಯುವುದಿಲ್ಲ.

ಪಥ್ಯದ ವಿಷಯ ನನ್ನನ್ನು ತುಂಬಾ ಕಾಡುವಂಥದ್ದು. ಉಪ್ಪಿಲ್ಲದ ಗಂಜಿ ಮಾತ್ರ ಕೊಟ್ಟು ವಾರಗಟ್ಟಲೆ ಇಟ್ಟ ಮಕ್ಕಳು ಸೊರಗಿ ಬರುತ್ತಾರೆ. ಲಿವರ್ ಚೇತರಿಸಲು ಆಹಾರ ಬೇಕು. ಉಪ್ಪು ಹಾಕಿ. ಗಂಜಿ, ಇಡ್ಲಿ, ಬಾಳೆಹಣ್ಣು, ತೊವ್ವೆ, ಬೊಂಡದ ನೀರು, ಮಗು ಏನು ಕೇಳುತ್ತದೋ ಅದು ಸ್ವಲ್ಪ ಸ್ವಲ್ಪ. ಪಿತ್ತಕೋಶದ ನೋವು ಇರುವಷ್ಟು ದಿನ ಕರಿದದ್ದು, ತುಪ್ಪ, ಕಾಯಿಹಾಲು ಕಡಿಮೆ ಇರಲಿ. ಜಿಡ್ಡು ತಿಂದರೆ ಅದು ಹಿಂಡಿಕೊಂಡು ನೋವು ಏಳುತ್ತದೆ, ಅಷ್ಟೇ ಕಾರಣ. ನೋವು ಹೋದ ಮೇಲೆ ಎಲ್ಲವನ್ನೂ ತಿನ್ನಲಿ.

ಮಂಜೇಶ್ವರದ ಅಪ್ಪ
ನಮ್ಮ ಮಗನಿಗೆ ಹೋದ ವರ್ಷ ಗಂಟಲು ಊದಿ, ಕುತ್ತಿಗೆಯಲ್ಲಿ ಗಂಟು ಬಂದು, ಜ್ವರ ಬಿಡದೆ ಇದ್ದಾಗ ಸ್ಕ್ಯಾನ್ ಮಾಡಿದ್ದರು. ಗುಲ್ಮ ದೊಡ್ಡದಾಗಿದೆ, ಪಿತ್ತಕೋಶ ಊದಿದೆ ಎಂದು ಬಂತು. ಎಪ್‌ಸ್ಟೀನ್ ಬಾರ್ ಎಂದರು. ಅದಕ್ಕಿಂತ ಮೊದಲು ಮೆಡಿಕಲ್ಲಿನಿಂದ ತಂದ ಅಮಾಕ್ಸಿಸಿಲಿನ್ ಕೊಟ್ಟಿದ್ದಕ್ಕೆ ಮೈಯಿಡೀ ಕೆಂಪು ಬೊಕ್ಕೆ ಎದ್ದಿತ್ತು. ಒಂದು ತಿಂಗಳು ಆಟ ಬೇಡ ಎಂದಿದ್ದರು. ಪಿತ್ತಕೋಶ ಊದಿದ್ದಕ್ಕೆ ಆಟ ಯಾಕೆ ಬೇಡ ಎಂದು ಆಗ ಅರ್ಥ ಆಗಿರಲಿಲ್ಲ.

ಮಕ್ಕಳ ವೈದ್ಯೆ, ಕುಂಬಳೆ
ಅದು ಗುಲ್ಮದ ಕಾರಣಕ್ಕೆ. ಊದಿದ ಗುಲ್ಮಕ್ಕೆ ಚೆಂಡೋ ಮೊಣಕೈಯೋ ಬಡಿದರೆ ಒಡೆಯಬಹುದು. ಅಮಾಕ್ಸಿಸಿಲಿನ್ ಕೊಟ್ಟಾಗ ಬೊಕ್ಕೆ ಏಳುವುದು ಆ ವೈರಸ್ಸಿನ ಜೊತೆ ಚೆನ್ನಾಗಿ ಗೊತ್ತಿರುವ ವಿಷಯ.

ಆಂಟಿಬಯಾಟಿಕ್ ಮಾತು ಬಂತು, ಹೇಳಿಬಿಡುತ್ತೇನೆ. ವೈರಸ್ಸಿಗೆ ಅದು ಕೆಲಸ ಮಾಡುವುದಿಲ್ಲ. ಆದರೂ ಪಿತ್ತಕೋಶ ಊದಿ ಮಗು ಸುಸ್ತಾಗಿದ್ದರೆ, ಬ್ಯಾಕ್ಟೀರಿಯಾ ಇಲ್ಲ ಎಂದು ಖಾತ್ರಿ ಆಗುವವರೆಗೆ ಡಾಕ್ಟರು ಕೊಡುತ್ತಾರೆ. ಬ್ಲಡ್ ಕಲ್ಚರ್ ಕಳಿಸಿ ಕೊಡುವುದು ಒಳ್ಳೆಯದು. ಕಾರಣ ಹೆಪಟೈಟಿಸ್ ಎ ಎಂದು ಗೊತ್ತಾಗಿ ಮಗು ಚೇತರಿಸುತ್ತಿದ್ದರೆ ನಿಲ್ಲಿಸುತ್ತಾರೆ.

ಉಪ್ಪಳದ ಅಣ್ಣ
ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟ ಮೇಲೆ ಅಕ್ಕನ ಮಗಳಿಗೆ ಪಿತ್ತಕೋಶದಲ್ಲಿ ಕಲ್ಲು ಕಂಡಿತ್ತು. ಮೊದಲಿನ ಸ್ಕ್ಯಾನಿನಲ್ಲಿ ಇರಲಿಲ್ಲ. ಅದು ಹೇಗೆ?

ಮಕ್ಕಳ ವೈದ್ಯೆ, ಕುಂಬಳೆ
ಆ ಮದ್ದು ಪಿತ್ತರಸದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳಿನಂತೆ ಕೂರುತ್ತದೆ. ಸ್ಕ್ಯಾನಿನಲ್ಲಿ ಕಲ್ಲಿನ ಹಾಗೇ ಕಾಣುತ್ತದೆ. ಮದ್ದು ನಿಲ್ಲಿಸಿದರೆ ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ. ಹೊಸ ಡಾಕ್ಟರ ಹತ್ತಿರ ಹೋದರೆ ಈ ಇಂಜೆಕ್ಷನ್ ಆಗಿತ್ತು ಎಂದು ತಪ್ಪದೆ ಹೇಳಬೇಕು. ಇಲ್ಲದಿದ್ದರೆ ನಿಜವಾದ ಕಲ್ಲು ಎಂದುಕೊಳ್ಳುವ ಸಾಧ್ಯತೆ ಇದೆ.

ಇನ್ನೊಂದು. ಐದು ದಿನ ದಾಟಿದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಸ್ಟ್ರಾಬೆರಿ ಹಣ್ಣಿನಂಥ ನಾಲಿಗೆ, ಜೊತೆಗೆ ಊದಿದ ಪಿತ್ತಕೋಶ ಇದ್ದರೆ ಕವಾಸಾಕಿ ಕಾಯಿಲೆಯನ್ನು ನೆನಪಿಟ್ಟುಕೊಳ್ಳಿ. ಅದು ಹೃದಯದ ರಕ್ತನಾಳಕ್ಕೆ ಹೊಡೆಯುತ್ತದೆ. ಮದ್ದು ಹತ್ತು ದಿನದೊಳಗೆ ಸಿಗಬೇಕು.

ಪೆರ್ಲದ ನರ್ಸ್
ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡು ಕಡೆಯ ಒಂದು ಕಷ್ಟ ಹೇಳಲೇಬೇಕು. ಕನ್ನಡ ಮಾತ್ರ ಗೊತ್ತಿರುವ ತಾಯಂದಿರು ಮಲಯಾಳದಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಅರ್ಥ ಆಗಿರುವುದಿಲ್ಲ. ಕೇಳಲು ನಾಚಿಕೆ. ದಯವಿಟ್ಟು ಕೇಳಿ. ಪ್ರತಿ ವಾರ್ಡಿನಲ್ಲಿ ಕನ್ನಡವೋ ತುಳುವೋ ಬರುವ ಒಬ್ಬರಾದರೂ ಇರುತ್ತಾರೆ. ಮಗುವಿಗೆ ಯಾವ ಸೋಂಕು, ಕಲ್ಲು ಇದೆಯಾ, ಮುಂದಿನ ಸ್ಕ್ಯಾನ್ ಯಾವಾಗ, ಏನು ಕಂಡರೆ ಓಡಿ ಬರಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಗಡಿ ದಾಟಿ ಮಂಗಳೂರಿಗೆ ಹೋಗುವುದಾದರೆ ಸ್ಕ್ಯಾನಿನ ಫಿಲ್ಮ್, ಎಲ್ಲ ರಕ್ತದ ರಿಪೋರ್ಟ್, ಕೊಟ್ಟ ಇಂಜೆಕ್ಷನ್ನಿನ ಪಟ್ಟಿ ಜೊತೆಗಿರಲಿ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರ್ ದಾರಿ. ಡೆಂಗ್ಯೂ ಮಗುವಾದರೆ ಹೊರಡುವ ಮೊದಲು ಬಿ.ಪಿ. ನೋಡಿಸಿ, ಡ್ರಿಪ್ ಇರುವ ಆಂಬ್ಯುಲೆನ್ಸಿನಲ್ಲೇ ಹೋಗಿ. 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ನಮ್ಮವರು ಪಟ್ಟ ಪಾಡು ಯಾರೂ ಮರೆತಿಲ್ಲ. ಇಲ್ಲೇ ಆಗುವ ಚಿಕಿತ್ಸೆ ಇಲ್ಲೇ ಸಿಗಬೇಕು ಎಂಬುದು ನನ್ನ ಆಸೆ.

ಬದಿಯಡ್ಕದ ಅಮ್ಮ
ಮನೆಗೆ ಬಂದೆವು. ಹಳದಿ ಇನ್ನೂ ಸ್ವಲ್ಪ ಉಂಟು, ಆದರೆ ಇವತ್ತು ತಾನಾಗಿ ದೋಸೆ ಕೇಳಿದಳು. ಎರಡನೇ ಸ್ಕ್ಯಾನಿನಲ್ಲಿ ಗೋಡೆ 4 ಮಿ.ಮೀ., ಸುತ್ತಲಿನ ನೀರು ಇಲ್ಲ. ಸ್ವಲ್ಪ ವಾರ ಬಿಟ್ಟು ಮತ್ತೊಮ್ಮೆ ನೋಡೋಣ ಎಂದಿದ್ದಾರೆ.

ಈಗ ನನ್ನ ಚಿಂತೆ ಸಣ್ಣವನದ್ದು. ಅವನಿಗೆ ಮೂರು ವರ್ಷ. ಒಂದೇ ತಟ್ಟೆಯಲ್ಲಿ ತಿಂದವರು. ನಮಗೆ ಸುರಂಗದ ನೀರು. ಗುಡ್ಡದೊಳಗಿಂದ ಬರುವ ನೀರು ಅಷ್ಟು ತಿಳಿ ಉಂಟು, ಅದರಲ್ಲಿ ಹೇಗೆ ಬಂತು?

ಮಕ್ಕಳ ವೈದ್ಯೆ, ಕುಂಬಳೆ
ತುಂಬಾ ಸಂತೋಷ ಅಮ್ಮಾ.

ಸಣ್ಣವನಿಗೆ ಈ ವಾರವೇ ಡಾಕ್ಟರನ್ನು ಕೇಳಿ ಹೆಪಟೈಟಿಸ್ ಎ ಲಸಿಕೆ ಹಾಕಿಸಿ. ರೋಗಿಯ ಸಂಪರ್ಕ ಆಗಿ ಎರಡು ವಾರದೊಳಗೆ ಹಾಕಿದರೂ ರಕ್ಷಣೆ ಸಿಗುತ್ತದೆ. ಒಂದು ವರ್ಷ ತುಂಬಿದ ಮಕ್ಕಳಿಗೆ ಹಾಕಬಹುದು. ಒಂದು ಬಗೆಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಇನ್ನೊಂದು ಬಗೆಗೆ ಒಂದೇ ಡೋಸ್. ಇದು ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇರದ ಕಾರಣ ಎಷ್ಟೋ ಪೋಷಕರಿಗೆ ಇಂಥದ್ದು ಇದೆ ಎಂದೇ ಗೊತ್ತಿಲ್ಲ. ಅದು ನನಗೆ ಬೇಸರದ ವಿಷಯ.

ಆರು ವರ್ಷದ ಒಳಗಿನ ಹೆಚ್ಚಿನ ಮಕ್ಕಳಲ್ಲಿ ಈ ಸೋಂಕು ಬಂದರೂ ಕಣ್ಣು ಹಳದಿ ಆಗುವುದಿಲ್ಲ. ಸುಮ್ನೆ ಎರಡು ದಿನ ವಾಂತಿ ಎಂದು ಹೋಗಿಬಿಡುತ್ತದೆ. ಆದರೆ ಅವರ ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ. ಸೋಂಕು ಒಳಗೆ ಹೊಕ್ಕು ಕಾಯಿಲೆ ಕಾಣಲು 15ರಿಂದ 50 ದಿನ ಬೇಕು. ಹಾಗಾಗಿ ನಿಮ್ಮ ಮಗಳಿಗೆ ಬಂದದ್ದು ಸುರಂಗದಿಂದಲೇ ಎಂದು ಹೇಳಲು ಬರುವುದಿಲ್ಲ. ಶಾಲೆ, ಮದುವೆ ಮನೆ, ಐಸ್ ಹಾಕಿದ ಜ್ಯೂಸ್, ಎಲ್ಲಿಯೂ ಆಗಿರಬಹುದು. ಶಾಲೆಗೆ ಹಳದಿ ಕಂಡು ಒಂದು ವಾರ ಕಳೆದ ಮೇಲೆಯೇ ಕಳಿಸಿ. ಕೈಗೆ ಸ್ಯಾನಿಟೈಸರ್ ನಂಬಬೇಡಿ, ಸೋಪು ಹಾಕಿ ತೊಳೆಯಿರಿ.

ಮುಳ್ಳೇರಿಯದ ಮಾಷ್ಟ್ರು
2024ರಲ್ಲಿ ಎರ್ನಾಕುಳಂ ಜಿಲ್ಲೆಯ ವೇಂಙೂರು ಪಂಚಾಯತಿನಲ್ಲಿ ಹೆಪಟೈಟಿಸ್ ಎ ಹಬ್ಬಿದ್ದನ್ನು ನಾವೆಲ್ಲ ಸುದ್ದಿಯಲ್ಲಿ ನೋಡಿದ್ದೇವೆ. ಅಲ್ಲಿ ನಲ್ಲಿ ನೀರೇ ಕೆಟ್ಟಿತ್ತು. ನಮ್ಮಲ್ಲಿ ಸಮಾರಂಭಗಳಲ್ಲಿ ನಡೆಯುವ ಒಂದು ಕೆಲಸ ನಿಲ್ಲಬೇಕು. ನೀರು ಕುದಿಸುತ್ತಾರೆ, ಬಿಸಿ ಹೆಚ್ಚಾಯಿತು ಎಂದು ಅದಕ್ಕೆ ಹಸಿ ತಣ್ಣೀರು ಬೆರೆಸುತ್ತಾರೆ. ಕುದಿಸಿದ್ದು ಪೂರ್ತಿ ವ್ಯರ್ಥ. ನಮ್ಮ ಶಾಲೆಯ ಬಿಸಿಯೂಟದ ಅಕ್ಕಂದಿರ ಹತ್ತಿರ ಮಾತಾಡಿದ ಮೇಲೆ ಈಗ ಹಿಂದಿನ ರಾತ್ರಿಯೇ ಕುದಿಸಿ ಮುಚ್ಚಿಡುತ್ತಾರೆ.

ನೀರ್ಚಾಲಿನ ತೋಟದವರು
ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು? ಆಶಾ ಕಾರ್ಯಕರ್ತೆ ಕೊಟ್ಟು ಹೋದರು. ಒಬ್ಬರು ಒಂದು ಮುಷ್ಟಿ ಎನ್ನುತ್ತಾರೆ, ಇನ್ನೊಬ್ಬರು ಒಂದು ಕಿಲೋ.

ಮುಳ್ಳೇರಿಯದ ಮಾಷ್ಟ್ರು
ಅಳತೆ ಮಾಡಿಯೇ ಹಾಕಬೇಕು. ಮಾಮೂಲಿ ದಿನಗಳಲ್ಲಿ 1000 ಲೀಟರಿಗೆ 2.5 ಗ್ರಾಂ. ಸುತ್ತಮುತ್ತ ಕಾಯಿಲೆ ಇದ್ದರೆ 5 ಗ್ರಾಂ. ಬಾವಿಯ ಅಡ್ಡಳತೆ 2 ಮೀಟರ್, ನೀರು 3 ಮೀಟರ್ ಇದ್ದರೆ ಸುಮಾರು 9400 ಲೀಟರ್. ಅದಕ್ಕೆ ಈಗ 47 ಗ್ರಾಂ ಸಾಕು. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಪೌಡರನ್ನು ಕಲಸಿ, ಮತ್ತೆ ನೀರು ತುಂಬಿ ಹತ್ತು ನಿಮಿಷ ಬಿಡಿ. ಸುಣ್ಣ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಗಿಳಿಸಿ, ನೀರಿನೊಳಗೆ ಮೇಲೆ ಕೆಳಗೆ ಆಡಿಸಿ. ಕನಿಷ್ಠ ಒಂದು ಗಂಟೆ ಬಳಸಬೇಡಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸಿದರೆ ಸುಲಭ. ಹಳೆಯ, ಗಾಳಿಗೆ ತೆರೆದಿಟ್ಟ ಪೌಡರಿಗೆ ಶಕ್ತಿ ಇರುವುದಿಲ್ಲ.

ಬದಿಯಡ್ಕದ ಅಕ್ಕ, ಸುರಂಗಕ್ಕೆ ಪೌಡರ್ ಹಾಕಿ ಪ್ರಯೋಜನ ಇಲ್ಲ, ನೀರು ಹರಿಯುತ್ತಲೇ ಇರುತ್ತದೆ. ನೀರು ಬಂದು ಬೀಳುವ ಟ್ಯಾಂಕಿಗೆ ಹಾಕಿ. ಟ್ಯಾಂಕ್ ತುಂಬಿದ ಮೇಲೆ ಪೈಪನ್ನು ಬೇರೆ ಕಡೆ ತಿರುಗಿಸಿ, ಒಂದು ಗಂಟೆ ಬಿಟ್ಟು ಬಳಸಿ. ಕುಡಿಯಲು ಮಾತ್ರ ಅದನ್ನೂ ಕುದಿಸಿಯೇ ಬಳಸಿ. ಸುರಂಗದ ಬಾಯಿಯ ಮೇಲ್ಗಡೆ ಗುಡ್ಡದಲ್ಲಿ ಯಾರಾದರೂ ಹೊಸ ಶೌಚದ ಗುಂಡಿ ತೋಡಿದ್ದಾರಾ ಎಂದು ಒಮ್ಮೆ ನೋಡಿ ಬನ್ನಿ. ಮುರಕಲ್ಲಿನ ಸಂದಿಯಲ್ಲಿ ನೀರು ಬೇಗ ಇಳಿದು ಬರುತ್ತದೆ.

ಬದಿಯಡ್ಕದ ಅಮ್ಮ
ಮೇಲಿನ ಜಾಗದಲ್ಲಿ ಹೊಸ ಮನೆ ಆಗುತ್ತಿದೆ ಮಾಷ್ಟ್ರೇ. ಗುಂಡಿ ಎಲ್ಲಿ ಎಂದು ನೋಡಿಲ್ಲ. ನಾಳೆ ಇವರನ್ನು ಕರೆದುಕೊಂಡು ಹೋಗಿ ಅವರ ಹತ್ತಿರ ಮಾತಾಡುತ್ತೇನೆ. ಸಣ್ಣವನ ಲಸಿಕೆಗೆ ಸೋಮವಾರ ಬರಲು ಹೇಳಿದ್ದಾರೆ.